ಹಗಲಿನಲ್ಲಿ, ಹಾರ್ನ್ ಹೊಡೆದು

ಖಾನಾಪುರ
ದಿ. ೧೮-೧೧-೨೦೨೪

ಚಿ. ಸೌ. ಪೂರ್ಣಿಮಾಳಿಗೆ ನಿನ್ನ ಅತ್ತೆಯ ಆಶೀರ್ವಾದ.

ಸೌಭಾಗ್ಯವತಿ ಎಂದು ಬರೆಯಲು ನಿನ್ನ ಮದುವೆ ಇನ್ನೂ ಆಗಬೇಕು, ಗೊತ್ತಿದೆ. ನಾನು ಈಗಲೇ ಬರೆದಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಮೈಗೆ ಏನೂ ಆಗಿಲ್ಲ, ಜೀಪಿನ ಕೆಲಸ ಮುಗಿಯದೆ ಬರೆಯಬಾರದು ಎಂದುಕೊಂಡಿದ್ದೆ. ಫೋನಿನಲ್ಲಿ ಹೇಳಬಹುದಿತ್ತು, ನೀನು ನಡುವೆ ಬಾಯಿ ಹಾಕುತ್ತೀ.

ಹೋದ ತಿಂಗಳು ನಿನ್ನಣ್ಣ ಅನಿಕೇತ ಬೆಳಗಾವಿಯಿಂದ ಬಂದಿದ್ದ. ಬಹಳ ಹೊತ್ತು ಚಹಾದ ಕಪ್ಪು ತಿರುಗಿಸುತ್ತ ಕುಳಿತು, ಕಡೆಗೆ, "ಉಡಿಕಿ ಮದ್ವಿ ರೀ ಅತ್ತಿಯಾರ. ಗದ್ದಲಾ ಬ್ಯಾಡ ಅಂತಾರ ಹಿರ್ಯಾರು. ನಸಕಿನ್ಯಾಗ ನಾಕ್ ಮಂದಿ ಹೋಗಿ ಮುಗಿಸಿಬಿಡ್ತೀವಿ" ಎಂದ. ಗಂಡ ಸತ್ತವಳ ಎರಡನೇ ಮದುವೆಯನ್ನು ಹಿಂದೆ ಕತ್ತಲೆಯಲ್ಲಿ, ವಾಲಗವಿಲ್ಲದೆ ಮಾಡುತ್ತಿದ್ದರು, ನಾನೂ ಕಂಡಿದ್ದೇನೆ.

"ಯಾಕೋ, ನಿನ್ನ ತಂಗಿ ಕಳವು ಮಾಡಿ ಹೊಂಟಾಳೇನು? ಆಕಿ ಈ ಮನಿ ಹೊಸ್ತಲಿಂದ ಹೋಗ್ತಾಳ. ಹಗಲಾಗ. ಸೊಸಿಯಾಗಿ ಬಂದ ಜೀಪಿನ್ಯಾಗ, ಹಾರ್ನ್ ಹೊಡಕೋಂತ" ಎಂದೆ.

"ಮೊದಲ ಆ ಜೀಪು ಚಾಲೂ ಆಗ್ಲಿ ರೀ" ಎಂದು ನಕ್ಕ.

ಅವನು ನಕ್ಕಿದ್ದು ತಪ್ಪಲ್ಲ. ಮಗ ಶಶಿಧರ ತೀರಿಹೋದ ಮೇಲೆ ಅದು ಕೊಟ್ಟಿಗೆಯಲ್ಲೇ ನಿಂತಿತ್ತು. ನಿನ್ನ ಮಾವನವರು ಹುಡುಗರಾಗಿದ್ದಾಗಿನ ಗಾಡಿ. ಬೆಳಗಾವಿಯ ಉದ್ಯಮಬಾಗದಿಂದ ಗಾಡಿ ವೈರಿಂಗಿನ ಮಿಸ್ತ್ರಿ ಬುರಾನುದ್ದೀನ ಬಂದು ಬಾನೆಟ್ ಎತ್ತಿ ನೋಡಿ, "ಅವ್ವಾರ, ವೈರ್ ಹಪ್ಪಳ ಆಗ್ಯಾವ ರೀ. ಮುಟ್ಟಿದ್ರ ಮುರೀತಾವ" ಎಂದ.

"ಹಂಗಾರ ಎಲ್ಲಾ ಕಿತ್ತು ಒಗಿ."

"ಕಿತ್ತೊಗದ್ರ ಯಾವುದು ಎಲ್ಲಿಗಿ ಅಂತ ಯಾರ್ನ ಕೇಳ್ಲಿ ರೀ?"

ಕಡೆಗೆ ಅವನೇ ಒಂದು ದಾರಿ ಹಿಡಿದ: ಒಂದು ಹಳೆಯ ವೈರು ಬಿಚ್ಚುವುದು, ಅದರಷ್ಟೇ ಉದ್ದದ ಹೊಸದನ್ನು ಅದೇ ಜಾಗಕ್ಕೆ ಹಾಕುವುದು, ಆಮೇಲೆಯೇ ಮುಂದಿನದಕ್ಕೆ ಕೈ. ಕನೆಕ್ಟರುಗಳಲ್ಲಿ ಹಸಿರು ಕಿಲುಬು ತುಂಬಿತ್ತು. ಕೆಲವನ್ನು ಕೆರೆದು ಉಳಿಸಿಕೊಂಡ, ಬಿರುಕು ಬಿಟ್ಟವನ್ನು ಬದಲಿಸಿದ. ನಮ್ಮ ಡ್ರೈವರ್ ರಾಯಪ್ಪ ಹಿಂದೆ ಎಲ್ಲ ಕಡೆಗೂ ಕೆಂಪು ವೈರನ್ನೇ ಸಿಕ್ಕಿಸಿದ್ದನಲ್ಲ, ಒಮ್ಮೆ ಹಾರ್ನ್ ಒತ್ತಿದರೆ ವೈಪರ್ ಆಚೆ ಈಚೆ ಹೊರಳಿತು. "ಗಾಡಿ ಒಲ್ಲೆ ಅನ್ನಾಕತ್ತೈತಿ ರೀ" ಎಂದ ಬುರಾನುದ್ದೀನ. ರಾಯಪ್ಪನೂ ನಕ್ಕ. ನನಗೆ ನಗು ಬರಲಿಲ್ಲ. ಈಗೀಗ ಅಳುವೂ ಬರುವುದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ.

ಡ್ಯಾಶ್‌ಬೋರ್ಡಿನ ಕೆಳಗೆ ಶಶಿಧರ ತಾನೇ ಎರಡು ವೈರು ಸೇರಿಸಿ ಕಟ್ಟಿದ್ದ ಒಂದು ಗಂಟು ಸಿಕ್ಕಿತು. ಟೇಪಿನ ಬದಲು ನಿನ್ನ ಹಸಿರು ರಿಬ್ಬನ್ ಸುತ್ತಿದ್ದ. "ಇದು ಇರಲೇನ್ರಿ?" ಎಂದು ಬುರಾನುದ್ದೀನ ಕೇಳಿದ. "ಬೆಂಕಿ ಹತ್ತೀತು. ತಗಿ" ಎಂದೆ. ತೆಗೆದ.

ನಿನ್ನೆ ಮಧ್ಯಾಹ್ನ ಎರಡೂ ಹೆಡ್‌ಲೈಟ್ ಹತ್ತಿದವು, ಹಾರ್ನ್ ಆಯಿತು. ಸಂಜೆ ಅನಿಕೇತನಿಗೆ ಫೋನಿನಲ್ಲೇ ಕೇಳಿಸಿದೆ. "ಆತ್ರಿ. ಹಗಲಾಗನ ಆಗ್ಲಿ" ಎಂದ.

ಮದುವೆಯ ಹಿಂದಿನ ದಿನ ಇಲ್ಲಿಗೆ ಬಾ. ಬಾಜು ಮನೆಯ ಪ್ರಮಿಳಾ ಉಡಿ ತುಂಬುತ್ತಾಳೆ. ಹೋದ ಮನೆಯಲ್ಲಿ ತಲೆ ತಗ್ಗಿಸಿ ಮಾತನಾಡಬೇಡ. ನಿನ್ನ ಸಂಸಾರ ತುಂಬಿರುವಂತೆ ಬಸವಣ್ಣ ನೋಡಿಕೊಳ್ಳಲಿ.

ನಿನ್ನ ಅತ್ತೆ,
ಶಿವಲಿಂಗವ್ವ

ತಾ.ಕ.: ನಿನ್ನೆ ಹಾರ್ನ್ ಕೇಳಿದೊಡನೆ ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಬೆಳಗಾವಿಯಿಂದ ಬರುವಾಗ ಶಶಿಧರ ಹನುಮಪ್ಪನ ಗುಡಿಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದ್ದದ್ದು ಅದಕ್ಕೇ, ನಿನಗೆ ಗೊತ್ತು. ಅವನ ಕಪ್ಪಿಗೆ ಸೋಸಿದ ಮೇಲೆ ನನಗೆ ತಿಳಿಯಿತು. ಮದುವೆಯ ದಿನ ಜೀಪು ಓಡಿಸುವವನು ರಾಯಪ್ಪ. ಬಾಗಿಲಲ್ಲಿ ಬೇಕಾದಷ್ಟು ಹೊಡೆಯಲಿ, ಆ ತಿರುವಿನಲ್ಲಿ ಮಾತ್ರ ಬೇಡವೆಂದು ನೀನೇ ಅವನಿಗೆ ಹೇಳು. ನಾನು ಹೇಳಿದರೆ ಯಾಕೆ ಎಂದು ಕೇಳುತ್ತಾನೆ.