ಚಿಕ್ಕ ಸ್ಪೀಕರ್ ಜೋಡಿ

ಮಲಾಡ್, ೧೨ ಜನವರಿ ೧೯೮೮

ತೀರ್ಥರೂಪು ಅಪ್ಪನವರಿಗೆ, ಬ್ಯಾಂಕಿನ ಕೆಲಸ ಬಿಟ್ಟ ಮಗಳ ನಮಸ್ಕಾರ.

ಆ ಕೆಲಸ ಬಿಟ್ಟಾಗಿನಿಂದ ನೀವು ನನ್ನೊಡನೆ ಮಾತು ಬಿಟ್ಟಿದ್ದೀರಿ. ಆದರೂ ಮನೆಯಲ್ಲೇ ಕೂತು ಮಾಡುವ ನನ್ನ ಟೈಪಿಂಗ್ ಚೆನ್ನಾಗಿ ನಡೆದಿದೆ. ವಕೀಲರು ಕ್ಯಾಸೆಟ್‌ನಲ್ಲಿ ಹೇಳಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡಬೇಕು. ಟೇಪ್‌ರೆಕಾರ್ಡರಿನಲ್ಲಿ ಮಾತು ಸ್ಪಷ್ಟವಿಲ್ಲವೆಂದು, ಮೇಜಿನ ಮೇಲಿಡಲು ಸ್ಪೀಕರ್ ಕೊಳ್ಳೋಣವೆಂದು ನಿನ್ನೆ ದಾದರ್‌ಗೆ ಹೋಗಿದ್ದೆ. ಎಲ್ಲರೂ ಸಿನಿಮಾ ಹಾಡು ಹಾಕಿಸಿ ನೋಡುತ್ತಾರೆ. ನನಗೆ ಬೇಕಾದ್ದು ಮಾತು. ಅದಕ್ಕೇ ಅಮ್ಮ ಮೈಸೂರಿನಿಂದ ಮಾತಾಡಿ ಕಳಿಸಿದ ಕ್ಯಾಸೆಟ್ ಹಾಕಿಸಿದೆ.

ದೊಡ್ಡ ಸ್ಪೀಕರಿನಲ್ಲಿ ಅಮ್ಮ ಒಬ್ಬಳೇ ಗುಡುಗಿದಳು. ಚಿಕ್ಕ ಜೋಡಿಗೆ ಹಾಕಿದಾಗ ಅಂಗಡಿಯವನು, "ಪೀಛೆ ಕೌನ್ ಬೋಲ್ ರಹಾ ಹೈ?" ಎಂದು ಹಿಂದಿನ ದನಿ ಯಾರದೆಂದು ಕೇಳಿದ. ಕಿವಿಗೊಟ್ಟು ಕೇಳಿದರೆ, ಅಮ್ಮನ ಹಿಂದೆ ನಿಮ್ಮ ದನಿ: "ಹುಳಿಪುಡಿ ಕಳಿಸಿದೀವಿ ಅಂತ ಹೇಳೆ. ಊಟ ಸರಿಯಾಗಿ ಮಾಡ್ತಾಳಾ ಕೇಳು. ನಾನು ಕೇಳ್ದೆ ಅನ್ನಬೇಡ!"

ಅಮ್ಮನ ಒಂದೊಂದು ಮಾತೂ ನೀವು ಹೇಳಿಕೊಟ್ಟದ್ದೇ! ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಆ ಚಿಕ್ಕ ಜೋಡಿಯನ್ನೇ ಕೊಂಡುಕೊಂಡೆ.

ಮುಂದಿನ ಸಲ ದಯವಿಟ್ಟು ಮೈಕಿನ ಹತ್ತಿರ ಕೂತುಕೊಳ್ಳಿ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನೀವು ಕೇಳಿದಿರೆಂದು ಯಾರಿಗೂ ಹೇಳುವುದಿಲ್ಲ.

ನಿಮ್ಮ ಮಗಳು,
ವನಮಾಲಾ