ಶೂವ್ ಎಂದರೆ ಮರಳಿ ಬರುವುದು

ರಬಕವಿ
ರವಿವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಹೀರಾಗೆ,

ಮಂಗಲಾಳ ನಮಸ್ಕಾರ. ನಾನು ಆರಾಮಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀವೆಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ.

ನೀವು ಜೈನರು ಎಲ್ಲರ ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ನೀನು ಫೋನಿಗೆ ಕಳಿಸಿದ ಸಂದೇಶ ಬಂದು ವಾರವಾಯಿತು, ಉತ್ತರ ತಡವಾದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಕಮಲದ ಹೂ, ಮುಗಿದ ಕೈ, ಕೆಳಗೆ ‘ಉತ್ತಮ ಕ್ಷಮಾ’ ಎಂಬ ಅಕ್ಷರ. ನಿನ್ನ ಮಗ ಜಿನೇಶನ ಸೀರೆ ಅಂಗಡಿಯ ಗಿರಾಕಿಗಳಿಗೂ ಅದೇ ಚಿತ್ರ ಹೋಗಿದೆಯಂತೆ. ಸಾಲಿಯ ಬೆಂಚಿನಿಂದ ಬಂದ ಗೆಳೆತನಕ್ಕೂ ಅದೇ ಚಿತ್ರವೇ? ನನಗೆ ಬೆರಳಲ್ಲಿ ಒತ್ತಿ ಕಳಿಸಲು ಮನಸ್ಸಾಗಲಿಲ್ಲ, ಕಾಗದ ತೆಗೆದುಕೊಂಡು ಕೂತೆ.

ನಿನ್ನೆ ಪಾಕೀಟು ತರಲು ಹೋದಾಗ ಅಂಚೆಯ ಗಂಗಾರಾಮ ನಕ್ಕುಬಿಟ್ಟ. ರಬಕವಿಯಿಂದ ಬನಹಟ್ಟಿಗೆ ಪತ್ರ ಯಾಕೆ, ಆಟೋ ಹತ್ತಿದರೆ ಚಹಾ ಆರುವುದರೊಳಗೆ ಮುಟ್ಟುತ್ತೀರಿ ಎಂದ. ಬರಬೇಕಾದವಳು ಅವಳು, ಆಟೋ ಅವಳೇ ಹತ್ತಲಿ ಎಂದೆ. ಹೋದ ವರ್ಷದ ಬೇಸಿಗೆಯಿಂದ ನೀನು ನನ್ನ ಹೊಸ್ತಿಲು ತುಳಿದಿಲ್ಲ, ಹೀರಾ. ನೀನು ಬರಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನನ್ನ ಹೊಸ ಹುಚ್ಚು ನಿನಗೆ ಗೊತ್ತಿಲ್ಲ. ನಮ್ಮ ಮನೆಯವರು, ಮಾಸ್ತರು, ತೀರಿಕೊಂಡ ಮೇಲೆ ಸಂಜೆಯ ಹೊತ್ತು ಹೋಗದೆ ಹೀಬ್ರೂ ಕಲಿಯಲು ಶುರುಮಾಡಿದೆ. ಮಂಗಳೂರಿನ ಒಬ್ಬ ಪಾದ್ರಿ ಅಯ್ಯನವರು ಫೋನಿನಲ್ಲಿ ಕಲಿಸುತ್ತಾರೆ. ಬಲದಿಂದ ಎಡಕ್ಕೆ ಬರೆಯಬೇಕು. ಗಂಡ ಸತ್ತವಳು ಈ ವಯಸ್ಸಿನಲ್ಲಿ ಇದನ್ನು ಕಲಿತು ಏನು ಮಾಡುತ್ತಾಳೆ ಎಂದು ಚರ್ಚಿನಲ್ಲಿ ಗುಸುಗುಸು ನಡೆಯಿತು. ಈಗ ಪ್ರತಿ ರವಿವಾರ ಹೆಂಗಸರಿಗೆ ಪಾಠ ಹೇಳುವವಳು ನಾನೇ.

ಇವತ್ತಿನ ಪಾಠ ಪಶ್ಚಾತ್ತಾಪದ ಮೇಲೆ. ಹಳೆಯ ಕಾಲದ ಒಬ್ಬ ಪ್ರವಾದಿ ತನ್ನ ಜನಕ್ಕೆ, ಬಟ್ಟೆ ಹರಿದುಕೊಳ್ಳಬೇಡಿ, ಎದೆ ಹರಿದುಕೊಂಡು ದೇವರ ಕಡೆಗೆ ಬನ್ನಿ ಎಂದು ಹೇಳುವ ವಚನ. ದುಃಖವಾದರೆ ತೊಟ್ಟ ಬಟ್ಟೆಯನ್ನೇ ಹರಿದುಕೊಳ್ಳುವುದು ಆ ಜನರ ಪದ್ಧತಿ. ಹರಿಯುವುದಕ್ಕೆ ಹೀಬ್ರೂದಲ್ಲಿ ‘ಕರಾ’ ಎನ್ನುತ್ತಾರೆ ಎಂದು ನಾನು ವಿವರಿಸುತ್ತಿದ್ದಾಗಲೇ, ಮಗ್ಗದ ಮನೆಯ ಅನಸವ್ವ ಮುಖ ಸಿಂಡರಿಸಿದಳು.

“ಎಳಿ ಕಡದ್ರ ಗಂಟ ಹಾಕೂ ಮಂದಿ ನಾವು. ಬಟ್ಟಿ ಹರ್ಯಾಕ ಕೈ ಏಳೂದಿಲ್ರಿ ಟೀಚರ್.”

ಎಲ್ಲರೂ ನಕ್ಕರು. ಹರಿಯಬೇಡ ತಾಯಿ, ಪ್ರವಾದಿಯೂ ಅದನ್ನೇ ಹೇಳುತ್ತಿದ್ದಾನೆ ಎಂದು ನಾನೂ ನಕ್ಕೆ. ಆಮೇಲೆ ಮುಖ್ಯವಾದ ಮಾತಿಗೆ ಬಂದೆ. ನಾವು ಪಶ್ಚಾತ್ತಾಪ ಎನ್ನುತ್ತೇವೆ, ಅಂದರೆ ಆಮೇಲೆ ಬರುವ ಉರಿ. ಉರಿಯುತ್ತ ಮನೆಯಲ್ಲೇ ಕೂತುಬಿಡಬಹುದು, ಯಾರಿಗೂ ತೊಂದರೆಯಿಲ್ಲ. ಆದರೆ ಆ ವಚನದಲ್ಲಿರುವ ಮಾತು ‘ಶೂವ್’. ಹೊಲಕ್ಕೆ ಹೋದವನು ಸಂಜೆ ಮನೆಗೆ ಬಂದರೂ ಶೂವ್, ದೇಶ ಬಿಟ್ಟವನು ಊರಿಗೆ ಬಂದರೂ ಶೂವ್. ಬರೀ ಮರಳಿ ಬರುವುದು. ಅದರಲ್ಲಿ ಕಣ್ಣೀರಿನ ಸುದ್ದಿಯೇ ಇಲ್ಲ, ಕಾಲಿನ ಕೆಲಸವಿದೆ.

ಆಗ ನಿನ್ನ ನೆನಪಾಯಿತು. ತೇರದಾಳದ ಬಸದಿಯ ಕಟ್ಟೆಯ ಮೇಲೆ ಕೂತಾಗ, ಪ್ರತಿಕ್ರಮಣ ಅಂದರೇನು ಎಂದು ನಾನು ಕೇಳಿದ್ದೆನಲ್ಲ. ತಪ್ಪಿನ ಕಡೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಂದಿದ್ದೆ ನೀನು. ಅದನ್ನೂ ಪಾಠದಲ್ಲಿ ಹೇಳಿದೆ. ಜೈನರ ಮಾತು ಇಲ್ಲಿ ಯಾಕೆ ಎಂಬಂತೆ ನಮ್ಮ ಹೊಸ ಸಭಾಪಾಲಕರ ಹುಬ್ಬು ಮೇಲೇರಿತು. ಏರಲಿ ಬಿಡು. ಎರಡು ಊರಿನವರು ಒಂದೇ ದಾರಿ ತೋರಿಸಿದರೆ ದಾರಿ ಸರಿಯಿದೆ ಎಂದೇ ಅರ್ಥ.

ಅದೇ ವಚನದ ಕೊನೆಗೆ ‘ನಾಹಮ್’ ಎಂಬ ಇನ್ನೊಂದು ಮಾತಿದೆ. ಮಾಡಬೇಕೆಂದಿದ್ದ ಕೇಡನ್ನು ದೇವರು ಮನಸ್ಸು ಕರಗಿ ಕೈಬಿಡುತ್ತಾನೆ ಎನ್ನುವಲ್ಲಿ ಅದು ಬರುತ್ತದೆ. ಸತ್ತವರ ಮನೆಗೆ ಹೋಗಿ ಸಮಾಧಾನ ಹೇಳುವುದಕ್ಕೂ ಅವರು ಅದೇ ಮಾತು ಬಳಸುತ್ತಾರೆ. ಅಷ್ಟು ಹೇಳಿ ಪುಸ್ತಕ ಮುಚ್ಚಿದೆ. ನೀರು ಕುಡಿದು ಪಾಠ ಮುಗಿಸಿದೆ.

ಮೊನ್ನೆ ನೂಲಿನ ಅಂಗಡಿಯ ಮುಂದೆ ಜಿನೇಶ ಸಿಕ್ಕಿದ್ದ. ನಿನ್ನ ಆರೋಗ್ಯ ಕೇಳಿದರೆ ತಲೆ ತಗ್ಗಿಸಿದ. “ಅವ್ವ ನಿಮ್ಮ ಹೆಸರ ತಗದ್ರ ಸಾಕ್ರಿ ಮೌಶಿ, ಅಳಾಕ ಹತ್ತತಾಳ. ಹೋಗಿ ಬಾ ಅಂದ್ರ ಯಾವ ಮುಖ ತಗೊಂಡ ಹೋಗ್ಲಿ ಅಂತಾಳ.”

ಇದೇ ಮುಖ ತೆಗೆದುಕೊಂಡು ಬಾ, ಹೀರಾ. ಬೇರೆ ಮುಖ ಎಲ್ಲಿಂದ ತರುತ್ತೀ? ಅಳುವುದರಲ್ಲಿ ನಿನ್ನನ್ನು ಮೀರಿಸುವವರು ಈ ಎರಡು ಊರಲ್ಲಿ ಇಲ್ಲ, ನಾಲ್ಕನೇ ಇಯತ್ತೆಯಿಂದ ನೋಡುತ್ತಿದ್ದೇನೆ. ನೀನು ಬಂದೇ ಬರುತ್ತೀ ಎಂದು ನನಗೆ ಖಾತ್ರಿಯಿದೆ. ಹೊತ್ತು ಮುಳುಗಿದ ಮೇಲೆ ನೀನು ಉಣ್ಣುವುದಿಲ್ಲ, ಆದ್ದರಿಂದ ಬೆಳಿಗ್ಗೆಯೇ ಬಾ. ಉಳ್ಳಾಗಡ್ಡಿ ಹಾಕದೆ ಪಲ್ಯ ಮಾಡುವುದನ್ನು ನಾನಿನ್ನೂ ಮರೆತಿಲ್ಲ.

ನಿನ್ನ ಯಜಮಾನರು ಪಾರಿಸಪ್ಪನವರಿಗೆ ನನ್ನ ನಮಸ್ಕಾರ. ಮೊಮ್ಮಗಳು ಮಾನಸಿಗೆ ಗಂಡನ ಮನೆಯಲ್ಲಿ ಎಲ್ಲ ಛಲೋ ಇರಲಿ, ಅವಳ ಕೂಸು ನೂರು ವರ್ಷ ಬಾಳಲಿ. ದೇವರು ನಿಮ್ಮ ಮನೆಯನ್ನು ತಂಪಾಗಿಡಲಿ.

ಎಂದೆಂದಿಗೂ ನಿನ್ನವಳೇ ಆದ,
ಮಂಗಲಾ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಮಾಸ್ತರ ಮಣ್ಣಿನ ದಿನವೇ ನಿಮ್ಮಲ್ಲಿ ಮಾನಸಿಯ ಮದುವೆಯ ಅರಿಷಿಣ. ಹಂದರ ಹಾಕಿದ ಮನೆಯವರು ಸಾವಿನ ಮನೆಗೆ ಹೋಗುವಂತಿಲ್ಲ ಎಂದು ನನಗೂ ಗೊತ್ತು. ಆದರೂ ನೀನು ಬಂದಿದ್ದೆ. ನಮ್ಮ ಓಣಿಯ ಮೂಲೆಯ ಹಿಟ್ಟಿನ ಗಿರಣಿಯ ಹತ್ತಿರ, ಅರಿಷಿಣ ಮೆತ್ತಿದ ಕೈಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಯಾರೂ ನೋಡಲಿಲ್ಲವೆಂದು ನೀನು ತಿಳಿದಿರಬೇಕು. ಶವದ ಪೆಟ್ಟಿಗೆಯ ಪಕ್ಕದಲ್ಲಿ ಕೂತು ನಾನು ನೋಡಿದೆ. ನೀನು ತಿರುಗಿ ಹೋದದ್ದನ್ನೂ ನೋಡಿದೆ. ಅದಕ್ಕೆ ನನಗೆ ಸಿಟ್ಟಿಲ್ಲ, ನೀನು ಒಳಗೆ ಬಂದಿದ್ದರೆ ನಾನೇ ಬೈದು ಕಳಿಸುತ್ತಿದ್ದೆ. ಮದುವೆ ಮುಗಿದ ಮೇಲೆ ಬರುತ್ತೀ ಎಂದು ಬಾಗಿಲು ನೋಡುತ್ತ ಕೂತೆ. ಊರೆಲ್ಲ ಬಂದು ಹೋಯಿತು. ಮಂಗಲಾ ಎಷ್ಟು ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದರು. ಮಾಸ್ತರಿಗಾಗಿ ನಾನು ಇನ್ನೂ ಅತ್ತಿಲ್ಲ, ಹೀರಾ. ನೀನು ಬಂದ ಮೇಲೆ ಅಳೋಣವೆಂದು ತಡೆದುಕೊಂಡೆ. ಆಮೇಲೆ ಅಳು ಬರಲೇ ಇಲ್ಲ.