ಜಪ್ತಿಯಾದ ಕೌದಿ

ಆಗಸ್ಟ್ ೧೯೭೮

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ನನ್ನ ಕೌದಿಯನ್ನು ವಾಪಸು ಕೊಡಿ. ಹಳೆಯ ಸೀರೆಗಳನ್ನು ಕೂಡಿಸಿ ಅವ್ವ ಹೊಲಿದದ್ದು ಅದು. ಕಳೆದ ತಿಂಗಳು ಮೋರಟಗಿ ಸೀಮೆಯ ನಮ್ಮ ಶಾಲೆಗೆ ಬಂದ ತಾವು, 'ಶಿಕ್ಷಕಿ ತರಗತಿಯಲ್ಲಿ ನಿದ್ರಿಸುತ್ತಿದ್ದರು' ಎಂದು ಷರಾ ಬರೆದು, ಪುರಾವೆಯೆಂದು ಅದನ್ನು ಜೀಪಿಗೆ ಹಾಕಿಸಿಕೊಂಡು ಹೋದಿರಿ. ಈಗ ನೋಟೀಸು ಬಂದಿದೆ: ದಿನವಿಡೀ ನಿಂತು ಪಾಠ ಮಾಡಬೇಕು, ಇಲ್ಲವೇ ತಿಂಗಳ ಕೊನೆಗೆ ರಾಜೀನಾಮೆ ಕೊಡಬೇಕು.

ಎಂಟು ವರ್ಷದ ಹಿಂದೆ ನನಗೊಂದು ಜ್ವರ ಬಂದು ಹೋಯಿತು. ದಣಿವು ಮಾತ್ರ ಹೋಗಲಿಲ್ಲ. ಎಷ್ಟು ನಿದ್ರೆ ಮಾಡಿದರೂ ಅದು ಇಳಿಯದು. ಒಂದು ಕೊಡ ನೀರು ಹೊತ್ತರೆ ಎರಡು ದಿನ ಮಲಗಬೇಕು. ವಿಜಾಪುರದ ಡಾಕ್ಟರು ರಕ್ತ ನೋಡಿ, "ಏನೂ ಇಲ್ಲ ತಂಗಿ, ಲಗ್ನ ಮಾಡ್ಕೊ, ಎಲ್ಲಾ ಸರಿ ಹೋಗ್ತೈತಿ" ಎಂದರು. ಅಲ್ಲಿಗೆ ವೈದ್ಯಶಾಸ್ತ್ರ ಮುಗಿಯಿತು. ಉಳಿದದ್ದನ್ನು ನಾನೇ ಕಲಿತೆ. ನೆರೆಮನೆಯ ಸೈದಾಬಿ ನನಗೆ ನೀರು ತರುತ್ತಾಳೆ, ಅವಳ ಕಾಗದಪತ್ರ ನಾನು ಬರೆಯುತ್ತೇನೆ. ಶಾಲೆಯಲ್ಲಿ ಒಂದು ತಾಸು ಕುಳಿತು ಪಾಠ. ಆಮೇಲೆ ಕೌದಿಯ ಮೇಲೆ ಅಡ್ಡಾಗಿ, ಕಣ್ಣು ಮುಚ್ಚಿ, ಮಕ್ಕಳು ಓದುವುದನ್ನು ಕೇಳಿ ತಿದ್ದುತ್ತೇನೆ. ಈ ಏರ್ಪಾಡಿನಲ್ಲಿ ನಾನು ಸುಖವಾಗಿದ್ದೆ ಸ್ವಾಮಿ. ಕಾಯಿಲೆಯವಳು ಸುಖವಾಗಿರಬಾರದೆಂದು ಸುತ್ತೋಲೆ ಏನಾದರೂ ಇದೆಯೇ?

ಅಂದು ನಡೆದದ್ದನ್ನು ತಾವು ಪೂರ್ತಿ ಬರೆದಿಲ್ಲ. ತಾವು ಬಂದಾಗ ನನಗೆ ಏಳಲು ಆಗಲಿಲ್ಲ, ನಿಜ. ನಾಲ್ಕನೇ ಇಯತ್ತೆಯ ಮೆಹರಾಜಳನ್ನು ನಿಲ್ಲಿಸಿ ಹದಿನೇಳು ಎಂಟ್ಲೆ ಎಷ್ಟು ಎಂದು ಕೇಳಿದಿರಿ. ಅವಳು "ನೂರಾ ಮೂವತ್ತಾರ್ರೀ" ಎಂದಳು. "ತಪ್ಪು! ನೂರಾ ಇಪ್ಪತ್ತಾರು" ಎಂದು ಗದರಿದಿರಿ. ಮಲಗಿದ್ದಲ್ಲಿಂದಲೇ ನಾನು, "ಹುಡುಗಿದು ಬರೋಬ್ಬರಿ ಐತ್ರಿ ಸಾಹೇಬ್ರ, ನೀವು ತಪ್ಪೀರಿ" ಎಂದೆ. ಮಕ್ಕಳು ನಕ್ಕರು. ತಮ್ಮ ಷರಾ ಹುಟ್ಟಿದ್ದು ಆ ನಗುವಿನಿಂದ. ನಿದ್ರಿಸುತ್ತಿದ್ದವಳು ತಮ್ಮ ತಪ್ಪನ್ನು ಹೇಗೆ ಹಿಡಿದಳೆಂದು ಯಾರೂ ತಮ್ಮನ್ನು ಕೇಳಲಿಲ್ಲವೇ?

ಮೊನ್ನೆ ನಮ್ಮ ಹೆಡ್‌ಮಾಸ್ತರ ಮಡಿವಾಳಪ್ಪನವರು ಕೌದಿ ಕೇಳಲು ತಮ್ಮ ಕಚೇರಿಗೆ ಬಂದಿದ್ದರು. ಹಿಂತಿರುಗಿ ಬಂದು, "ಅಕ್ಕೋರ, ಸಾಹೇಬ್ರು ಅದನ್ನ ಮಡಚಿ ಕುರ್ಚಿ ಮ್ಯಾಲ ಹಾಕ್ಕೊಂಡು ಕುಂತಾರ್ರಿ. ಬೆನ್ನು ನೋವಂತ" ಎಂದರು. ಕೇಳಿ ನನಗೆ ನಗು ಬರಲಿಲ್ಲ. ತಮ್ಮ ಬೆನ್ನಿಗೆ ಬೇಕಾದದ್ದು ನನ್ನ ಮೈಗೂ ಬೇಕೆಂದರೆ ಅದು ಅಪರಾಧವೇ?

ತಮಗೆ ಬೇರೆ ಕೌದಿ ಹೊಲಿದು ಕೊಡಲು ಅವ್ವ ಒಪ್ಪಿದ್ದಾಳೆ. ನನ್ನದನ್ನು ಕಳಿಸಿಕೊಡಿ, ನೋಟೀಸನ್ನು ಹಿಂತೆಗೆದುಕೊಳ್ಳಿ. ಷರಾದಲ್ಲಿ 'ನಿದ್ರಿಸುತ್ತಿದ್ದರು' ಎಂಬುದನ್ನು ಹೊಡೆದು 'ಕೇಳುತ್ತಿದ್ದರು' ಎಂದು ಬರೆಯಿರಿ.

ಇಂತಿ,
ಇಷ್ಟನ್ನು ಬರೆಯಲು ನಾಲ್ಕು ದಿನ ಹಿಡಿದ
ಗುರವ್ವ
ಸಹಶಿಕ್ಷಕಿ, ತಿಂಗಳ ಕೊನೆಯವರೆಗೆ